ಆಲ್ಝೈಮರ್ ಸಂಶೋಧಕಿಗೆ ನಿಮ್ಮ ಪ್ರಶ್ನೆಗಳು: ಇಲಿಗೆ ವಾಸಿಯಾದದ್ದು ಮನುಷ್ಯರಿಗೆ ಏಕೆ ವಾಸಿಯಾಗುತ್ತಿಲ್ಲ?

ನಾನು ನರವಿಜ್ಞಾನಿ. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮಿದುಳಿನ ನರಕೋಶಗಳು ಹೇಗೆ ಸಾಯುತ್ತವೆ ಎಂಬುದನ್ನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ನೋಡುತ್ತಿದ್ದೇನೆ. ವೈದ್ಯೆಯಲ್ಲ, ಆದ್ದರಿಂದ ಯಾರಿಗೂ ಔಷಧ ಬರೆದುಕೊಡಲಾರೆ. ಈ ವಾರ ಗುಂಪಿನಲ್ಲಿ ನೀವು ಕೇಳಿದ ಪ್ರಶ್ನೆಗಳಿಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿನಿ, ಹಾಸನ): ಮೇಡಂ, ನಮ್ಮ ಅಜ್ಜಿಗೆ ಮರೆವಿನ ಕಾಯಿಲೆ ಇತ್ತು. ‘ಅರವತ್ತಕ್ಕೆ ಅರಳುಮರಳು’ ಎಂದು ಎಲ್ಲರೂ ಸುಮ್ಮನಾದರು. ನನಗೆ ಇದರ ಮೇಲೆಯೇ ಸಂಶೋಧನೆ ಮಾಡುವ ಆಸೆ. ಎಂಬಿಬಿಎಸ್ ಓದದೆ ಸಾಧ್ಯವೇ? ಮನೆಯಲ್ಲಿ ಸಂಪಾದನೆಯ ಚಿಂತೆಯೂ ಇದೆ.

ಉತ್ತರ: ಖಂಡಿತ ಸಾಧ್ಯ. ನಾನು ಜೀವರಸಾಯನಶಾಸ್ತ್ರ ಓದಿ ಬಂದವಳು. ನನ್ನ ಪಕ್ಕದ ಮೇಜಿನಲ್ಲಿ ಭೌತಶಾಸ್ತ್ರ ಓದಿದವರಿದ್ದಾರೆ, ಕಂಪ್ಯೂಟರ್ ಎಂಜಿನಿಯರ್ ಒಬ್ಬರಿದ್ದಾರೆ. ಮೈಸೂರು ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರೂ ವೈದ್ಯಕೀಯ ಓದಿದವರಲ್ಲ. ನಿಮ್ಹಾನ್ಸ್‌ನಲ್ಲಿ ದುಡಿದು, ಹರಿಯಾಣದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾಗಿ, ಮತ್ತೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿದವರು ಅವರು.

ಎಂ.ಎಸ್ಸಿ. ಮಾಡಿ, ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಸಂಶೋಧನಾ ವೇತನ, ಅಂದರೆ ಜೆಆರ್‌ಎಫ್ ಪಡೆದರೆ ಪಿಎಚ್‌.ಡಿ.ಗೆ ದಾರಿ ಸುಗಮ. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಫೆಲೋಶಿಪ್ ಇದೆ. ಪಿಎಚ್‌.ಡಿ.ಗೆ ಐದಾರು ವರ್ಷ, ಅದರ ಮೇಲೆ ಪೋಸ್ಟ್‌ಡಾಕ್ ಎಂದು ಇನ್ನೂ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಕಾಯಂ ಕೆಲಸ ಸಿಗುವ ಹೊತ್ತಿಗೆ ವಯಸ್ಸು ಮೂವತ್ತೈದರ ಆಸುಪಾಸು. ಇದನ್ನು ಮನೆಯವರಿಂದ ಮುಚ್ಚಿಡಬೇಡಿ, ಈಗಲೇ ಹೇಳಿ. ಇನ್ನೊಂದು ಮಾತು: ಸಂಖ್ಯಾಶಾಸ್ತ್ರವನ್ನು ಮನಸ್ಸಿಟ್ಟು ಕಲಿಯಿರಿ. ಏಕೆಂಬುದು ಕೆಳಗಿನ ಉತ್ತರಗಳಲ್ಲಿ ಗೊತ್ತಾಗುತ್ತದೆ.

ಇನ್ನು ಆ ‘ಅರಳುಮರಳು’ ಮಾತಿಗೆ ಬರುತ್ತೇನೆ. ನಾನು ಮೊದಲ ಬಾರಿ ಆಲ್ಝೈಮರ್ ರೋಗಿಯೊಬ್ಬರ ಮಿದುಳಿನ ಸೀಳನ್ನು ತಟ್ಟೆಯಲ್ಲಿ ನೋಡಿದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಿವಿಯ ನೇರಕ್ಕೆ, ಒಳಗಡೆ, ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಕಡಲಕುದುರೆಯಂತೆ ಬಾಗಿರುವುದರಿಂದ ಆ ಹೆಸರು. ಇವತ್ತು ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂಬ ಹೊಸ ನೆನಪು ಹುಟ್ಟುವುದಕ್ಕೆ ಅದು ಬೇಕೇ ಬೇಕು. ತಟ್ಟೆಯಲ್ಲಿದ್ದದ್ದು ಕುಗ್ಗಿ ಹೋಗಿತ್ತು. ಅದರ ಪಕ್ಕದ ದ್ರವದ ಕುಳಿ ಅಗಲವಾಗಿ ಬಾಯಿ ತೆರೆದುಕೊಂಡಿತ್ತು. ಯಾರೋ ಒಬ್ಬರ ಮಕ್ಕಳು ಅಳುತ್ತಲೇ ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಅದನ್ನು ಕೊಟ್ಟಿದ್ದರು. ನಿಮ್ಹಾನ್ಸ್‌ನಲ್ಲಿ 1995ರಿಂದ ನಡೆಯುತ್ತಿರುವ, ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗೆ ಕಾಪಿಡುವ ಮಿದುಳು ಬ್ಯಾಂಕಿನ ಬೆನ್ನೆಲುಬು ಇಂಥ ಕುಟುಂಬಗಳೇ.

ಪ್ರಶ್ನೆ (ಬ್ಯಾಂಕ್ ನೌಕರ, ಹುಬ್ಬಳ್ಳಿ): ಈ ರೋಗ ಗೊತ್ತಾಗಿ ನೂರು ವರ್ಷ ದಾಟಿತು. ಇನ್ನೂ ಗುಣಪಡಿಸುವ ಔಷಧ ಏಕಿಲ್ಲ?

ಉತ್ತರ: 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ವೈದ್ಯ ಅಲೋಯಿಸ್ ಆಲ್ಝೈಮರ್ ಆಕೆಯ ಎದುರು ಕುಳಿತು ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಂಡರು. ಊಟದ ತಟ್ಟೆಯಲ್ಲಿ ಹೂಕೋಸು ಮತ್ತು ಹಂದಿಮಾಂಸ ಇತ್ತು. ಏನು ತಿನ್ನುತ್ತಿದ್ದೀರಿ ಎಂದರೆ ಆಕೆ ‘ಪಾಲಕ್’ ಎಂದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕೋಶಗಳ ಹೊರಗೆ ಗಟ್ಟಿಯಾದ ಚಕ್ಕೆಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು ಕಂಡವು. ನಾವು ಇವತ್ತಿಗೂ ನೋಡುತ್ತಿರುವುದು ಅವೆರಡನ್ನೇ. ಚಕ್ಕೆ ಅಮೈಲಾಯ್ಡ್ ಎಂಬ ಪ್ರೋಟೀನಿನದು, ಎಳೆ ಟೌ ಎಂಬುದರದು. ಅಮೈಲಾಯ್ಡ್ ತುಣುಕು ಇಂಥದ್ದು ಎಂದು ರಾಸಾಯನಿಕವಾಗಿ ಗುರುತು ಹಿಡಿದದ್ದೇ 1984ರಲ್ಲಿ. ಅಂದರೆ ಔಷಧ ಹುಡುಕುವ ನಿಜವಾದ ಓಟ ಶುರುವಾಗಿ ನಾಲ್ಕು ದಶಕವಾಯಿತು, ಅಷ್ಟೇ.

ಎರಡನೆಯ ಕಷ್ಟ ಇನ್ನೂ ದೊಡ್ಡದು. ಚಕ್ಕೆ ಕೂಡಲು ಶುರುವಾಗಿ ಹದಿನೈದು ಇಪ್ಪತ್ತು ವರ್ಷವಾದ ಮೇಲೆ ಮರೆವು ಕಾಣಿಸಿಕೊಳ್ಳುತ್ತದೆ. ನಾವು ಔಷಧ ಹಿಡಿದು ಹೋಗುವ ಹೊತ್ತಿಗೆ ಎಷ್ಟೋ ನರಕೋಶಗಳು ಸತ್ತಿರುತ್ತವೆ, ಸತ್ತದ್ದು ಮರಳಿ ಬರುವುದಿಲ್ಲ. ಇನ್ನು ಇಲಿ. ಇಲಿಗೆ ತಾನಾಗಿ ಆಲ್ಝೈಮರ್ ಬರುವುದಿಲ್ಲ. ಮನುಷ್ಯರ ವಂಶವಾಹಿ ಸೇರಿಸಿ ಅದರ ಮಿದುಳಿನಲ್ಲಿ ಚಕ್ಕೆ ಬರಿಸುತ್ತೇವೆ, ಆ ಚಕ್ಕೆಯನ್ನು ಕರಗಿಸುತ್ತೇವೆ. ಚಕ್ಕೆ ಬೇರೆ, ಕಾಯಿಲೆ ಬೇರೆ. ಇಲಿಯಲ್ಲಿ ಅದ್ಭುತವಾಗಿ ಕೆಲಸ ಮಾಡಿದ ಅಮೈಲಾಯ್ಡ್ ಲಸಿಕೆಯೊಂದನ್ನು ಮನುಷ್ಯರಿಗೆ ಕೊಟ್ಟಾಗ ಸುಮಾರು ಶೇ 6 ಮಂದಿಗೆ ಮಿದುಳಿನ ಉರಿಯೂತ ಬಂದು 2002ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಸುದ್ದಿ ಬಂದ ದಿನ ನಮ್ಮ ಪ್ರಯೋಗಾಲಯದಲ್ಲಿ ಯಾರೂ ಮಾತಾಡಲಿಲ್ಲ.

ಪ್ರಶ್ನೆ (ಗೃಹಿಣಿ, ಶಿರಸಿ): ನಾವು ಒಂದೆಲಗದ ತಂಬುಳಿ ಮಾಡುತ್ತೇವೆ. ಅಶ್ವಗಂಧದಿಂದ ಆಲ್ಝೈಮರ್ ಗುಣವಾಗುತ್ತದೆ ಎಂದು ಬೆಂಗಳೂರಿನವರೇ ಕಂಡುಹಿಡಿದಿದ್ದಾರಂತೆ, ನಿಜವೇ?

ಉತ್ತರ: ಅರ್ಧ ನಿಜ. ಮೇಲೆ ಹೇಳಿದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಒಳ್ಳೆಯ ಕೆಲಸ ಅದು. ಅಶ್ವಗಂಧ ಬೇರಿನ ಸಾರ ಕೊಟ್ಟ ಇಲಿಗಳ ಪಿತ್ತಜನಕಾಂಗದಲ್ಲಿ ಒಂದು ಪ್ರೋಟೀನ್ ಹೆಚ್ಚಾಗಿ, ಅದು ಅಮೈಲಾಯ್ಡನ್ನು ಮಿದುಳಿನಿಂದ ರಕ್ತದ ಕಡೆಗೆ ಸೆಳೆಯಿತು. ಮಿದುಳಿನ ಕಸವನ್ನು ಹೊಟ್ಟೆಯ ಕಡೆಯಿಂದ ಗುಡಿಸಬಹುದು ಎಂಬುದು ಚಂದದ ಕಲ್ಪನೆ. ಆದರೆ ಅವು ಇಲಿಗಳು. ಆ ಸಾರ ರೋಗಿಗಳನ್ನು ಗುಣಪಡಿಸುತ್ತದೆ ಎಂದು ತೋರಿಸಿದ್ದಲ್ಲ. ತಂಬುಳಿಯನ್ನು ರುಚಿಗೆ, ತಂಪಿಗೆ ಸಂತೋಷದಿಂದ ಉಣ್ಣಿ. ಕಾಯಿಲೆಯ ಹೆಸರಿನಲ್ಲಿ ಮಾರುವ ಡಬ್ಬಿಗಳಿಗೆ ಮಾತ್ರ ಹಣ ಸುರಿಯಬೇಡಿ.

ಪ್ರಶ್ನೆ (ಶಾಲಾ ಶಿಕ್ಷಕರು, ಕೋಲಾರ): ನಮ್ಮ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮಿದುಳಿನ ಅಧ್ಯಯನ ನಡೆಯುತ್ತಿದೆ. ಓದುಬರಹ ಇಲ್ಲದವರ ನೆನಪಿನ ಶಕ್ತಿಯನ್ನು ಹೇಗೆ ಅಳೆಯುತ್ತೀರಿ?

ಉತ್ತರ: ಅದು ಮೇಲೆ ಹೇಳಿದ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ಅಧ್ಯಯನ. 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಟ್ಟಲೆ ಹಿಂಬಾಲಿಸುವ ಯೋಜನೆ. ನಾನು ಅದರಲ್ಲಿಲ್ಲ, ಆದರೆ ಬೇರೆ ಹಳ್ಳಿಗಳಲ್ಲಿ ಜಗಲಿಯ ಮೇಲೆ ಕುಳಿತು ಇಂಥ ಪರೀಕ್ಷೆ ಮಾಡಿಸಿದ್ದೇನೆ. ಪಶ್ಚಿಮದ ಪರೀಕ್ಷೆಗಳಲ್ಲಿ ಗಡಿಯಾರ ಬರೆಯಿರಿ, ಒಂದು ವಾಕ್ಯ ಬರೆಯಿರಿ ಎಂದಿರುತ್ತದೆ. ಒಬ್ಬ ಅಜ್ಜಿಯ ಕೈಗೆ ಪೆನ್ಸಿಲ್ ಕೊಟ್ಟೆ. ಊದುಕಡ್ಡಿಯಂತೆ ಹಿಡಿದು ನನ್ನ ಮುಖ ನೋಡಿದರು. ಕಾಗದದ ಪ್ರಕಾರ ಅವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ! ಆಮೇಲೆ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆ ಹೇಳಜ್ಜಿ ಎಂದೆ. ಹಸು, ಹೋರಿ, ಎಮ್ಮೆ, ಕೋಣ, ಕಡಸು, ಕುರಿ, ಟಗರು, ಮೇಕೆ, ಹೋತ ಎಂದು ಅಜ್ಜಿ ಉಸಿರು ಬಿಡದೆ ಹೇಳುತ್ತಾ ಹೋದರು, ನನ್ನ ಕೈ ಬರೆದು ಸೋತಿತು. ಕುರಿ, ಟಗರು ಎರಡನ್ನೂ ಬೇರೆ ಬೇರೆ ಎಣಿಸಬೇಕೇ ಎಂದು ನಮ್ಮ ತಂಡ ಎರಡು ದಿನ ಚರ್ಚೆ ಮಾಡಿತು. ಎಣಿಸಬೇಕು ಎಂದು ನಾನು ಹಟ ಹಿಡಿದೆ. ಸಾಕಿದವರಿಗೆ ಅವು ಎರಡೇ. ಅಳತೆಗೋಲು ಸೊಟ್ಟಗಿದ್ದರೆ ನಮ್ಮ ಜನರ ಕಾಯಿಲೆಯ ಲೆಕ್ಕವೂ ಸೊಟ್ಟಗೇ ಇರುತ್ತದೆ.

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ಮಗ): ಅಮ್ಮನಿಗೆ 74 ವರ್ಷ. ನಾಲ್ಕು ವರ್ಷದಿಂದ ಆಲ್ಝೈಮರ್. ಈಗ ಸೀರೆಯನ್ನೂ ನಾವೇ ಉಡಿಸಬೇಕು. ಹೊಸ ಇಂಜೆಕ್ಷನ್‌ನಿಂದ ಶೇ 27 ಪ್ರಯೋಜನ ಎಂದು ಓದಿದೆ. ಸೈಟು ಮಾರಿಯಾದರೂ ವಿದೇಶಕ್ಕೆ ಕರೆದೊಯ್ಯಲು ಸಿದ್ಧನಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ನೀವು ಹೇಳುತ್ತಿರುವುದು ಲೆಕಾನೆಮಾಬ್, ಅಮೈಲಾಯ್ಡನ್ನು ಮಿದುಳಿನಿಂದ ತೆಗೆಯುವ ಔಷಧ. 1,795 ಮಂದಿಯ ಮೇಲೆ 18 ತಿಂಗಳು ಪ್ರಯೋಗ ನಡೆಯಿತು. 18 ಅಂಕಗಳ ಒಂದು ಮಾಪನವಿದೆ, ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆ ಎಂದರ್ಥ. ಔಷಧವಿಲ್ಲದವರದು 1.66 ಏರಿತು, ಔಷಧ ಪಡೆದವರದು 1.21. ವ್ಯತ್ಯಾಸ 0.45. 1.66ರಲ್ಲಿ 0.45 ಎಂದರೆ ಸುಮಾರು ಶೇ 27, ಆ ಅಂಕಿ ಹುಟ್ಟಿದ್ದು ಇಲ್ಲಿ. ಎರಡೂ ಗುಂಪಿನವರ ಸ್ಥಿತಿ ಕೆಡುತ್ತಲೇ ಇತ್ತು, ಔಷಧ ಪಡೆದವರದು ಸ್ವಲ್ಪ ನಿಧಾನವಾಗಿ. ಕಾಯಿಲೆಯ ಓಟವನ್ನು ಇಷ್ಟಾದರೂ ತಡೆದದ್ದು ನಮ್ಮ ಕ್ಷೇತ್ರಕ್ಕೆ ದೊಡ್ಡ ವಿಷಯ, ನಾನು ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಪ್ರಯೋಗಕ್ಕೆ ತೆಗೆದುಕೊಂಡದ್ದು ಆರಂಭದ ಹಂತದವರನ್ನು ಮಾತ್ರ. ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಔಷಧ, ಪದೇ ಪದೇ ಎಂಆರ್‌ಐ. ಔಷಧ ಪಡೆದವರಲ್ಲಿ ಶೇ 12.6 ಮಂದಿಯ ಸ್ಕ್ಯಾನ್‌ನಲ್ಲಿ ಮಿದುಳಿನ ಊತ ಕಂಡಿತು.

ನಿಮ್ಮ ತಾಯಿ ಆ ಹಂತ ದಾಟಿದ್ದಾರೆ. ಕೊನೆಯ ಮಾತು ನಿಮ್ಮ ನರರೋಗ ತಜ್ಞರದು, ಆದರೆ ನನ್ನ ಅಮ್ಮನಾಗಿದ್ದರೆ ನಾನು ಸೈಟು ಮಾರುತ್ತಿರಲಿಲ್ಲ. ಆ ಹಣದಲ್ಲಿ ಒಬ್ಬ ಒಳ್ಳೆಯ ಆರೈಕೆಯವರನ್ನು ಇಟ್ಟುಕೊಳ್ಳುತ್ತಿದ್ದೆ, ರಾತ್ರಿ ನಾನೂ ನಿದ್ದೆ ಮಾಡುತ್ತಿದ್ದೆ. ಬಿ12 ಜೀವಸತ್ವ ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಕೇಳಿ, ಅವುಗಳ ಕೊರತೆಯೂ ಮರೆವು ತರಬಲ್ಲದು. ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದೆ ಇರುವುದನ್ನೂ ನಾವು ಮರೆವಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ.

ಮರುಪ್ರಶ್ನೆ (ಅದೇ ಮಗ): ಧನ್ಯವಾದ ಮೇಡಂ. ಇನ್ನೊಂದೇ ಒಂದು. ಅಮ್ಮ ನನ್ನನ್ನು ತೀರಿಹೋದ ಸೋದರಮಾವನ ಹೆಸರಿನಿಂದ ಕರೆಯುತ್ತಾರೆ. ತಿದ್ದಬೇಕೇ?

ಉತ್ತರ: ತಿದ್ದಬೇಡಿ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ತಡವಾಗಿ. ಈಗ ಅವರು ಇರುವುದು ತವರುಮನೆಯಲ್ಲಿ, ಅಲ್ಲಿ ನಿಮ್ಮ ಮುಖ ಅಣ್ಣನ ಮುಖದಂತೆ ಕಾಣುತ್ತಿದೆ. ಮಾವ ಸತ್ತರು ಎಂದು ನೀವು ಹೇಳಿದರೆ ಪ್ರತಿ ಸಲವೂ ಅವರಿಗೆ ಅದು ಮೊದಲ ಸಲ ಕೇಳಿದ ಸಾವು. ‘ಓ’ ಎಂದು ಪಕ್ಕದಲ್ಲಿ ಕುಳಿತು, ಅಣ್ಣ ತಂಗಿ ಚಿಕ್ಕವರಿದ್ದಾಗ ಏನು ಆಡುತ್ತಿದ್ದರು ಎಂದು ಕೇಳಿ.