ಸಹಾಯ ಬೇಕು: ತಂಗಿ ಖಿನ್ನತೆಯ ಮಾತ್ರೆ ಬಿಡ್ತೀನಿ ಅಂತಿದ್ದಾಳೆ

ಎಲ್ಲರಿಗೂ ನಮಸ್ಕಾರ. ತಂಗಿಗೆ ಖಿನ್ನತೆ ಇದೆ ಅಂತ ಗೊತ್ತಾಗಿ 12 ದಿನ ಆಯಿತು. ಅದಕ್ಕೂ ಮುಂಚೆ ಎರಡು ತಿಂಗಳು ನಾವೆಲ್ಲ ಸೋಮಾರಿತನ ಅಂತ ಬೈದಿದ್ದೆವು. ನೆನೆಸಿಕೊಂಡರೆ ಈಗ ತುಂಬಾ ಸಂಕಟ ಆಗುತ್ತದೆ.

ಬೆಳಗಿನ ಜಾವ 3 ಗಂಟೆಗೇ ಎದ್ದು ಗೋಡೆ ನೋಡುತ್ತಾ ಕೂರುತ್ತಾಳೆ. ತಲೆ ಬಾಚಿಕೊಂಡು ಎಷ್ಟು ದಿನವಾಗಿತ್ತೋ, ಮೊನ್ನೆ ನಾನೇ ಸಿಕ್ಕು ಬಿಡಿಸಿದೆ. ಅರ್ಧ ಗಂಟೆ ಹಿಡಿಯಿತು. ಒಂದು ಮಾತೂ ಆಡಲಿಲ್ಲ. ಆದರೆ ನಾನು ಏಳಲು ಹೋದಾಗ ಸೆರಗು ಹಿಡಿದುಕೊಂಡಳು.

ಡಾಕ್ಟರ್ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಮಾತ್ರೆ ಕೊಟ್ಟು, ಕೌನ್ಸೆಲಿಂಗ್‌ಗೂ ಬರಲು ಹೇಳಿದ್ದಾರೆ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ಮಧ್ಯದಲ್ಲಿ ತಟ್ಟನೆ ನಿಲ್ಲಿಸಬೇಡಿ ಅಂದಿದ್ದಾರೆ. ಸದ್ಯಕ್ಕೆ ಅವಳಿಗೆ ಸಿಕ್ಕಿರುವುದು ವಾಕರಿಕೆ ಮಾತ್ರ. "ಏನೂ ಪ್ರಯೋಜನ ಇಲ್ಲ ಅಕ್ಕಾ, ಬಿಟ್ಟುಬಿಡ್ತೀನಿ" ಅಂತಾಳೆ. ವಾಕರಿಕೆ ವಿಷಯ ಹೇಳಲು ನಾಳೆ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಸಾಯಬೇಕು ಅನ್ನಿಸುತ್ತಾ ಅಂತ ಧೈರ್ಯ ಮಾಡಿ ನೇರವಾಗಿ ಕೇಳಿದೆ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ ಅಂತ ಡಾಕ್ಟರೇ ಹೇಳಿದ್ದರು. ಇಲ್ಲ ಅಂದಳು. ಹೌದು ಅಂದರೆ ಒಂಟಿಯಾಗಿ ಬಿಡದೆ ತಕ್ಷಣ ಕರೆದುಕೊಂಡು ಬರಬೇಕಂತೆ.

ಇದನ್ನು ದಾಟಿ ಬಂದವರು, ಜೊತೆಗಿದ್ದು ನೋಡಿಕೊಂಡವರು ದಯವಿಟ್ಟು ಹೇಳಿ. ಈ ಕಾಯುವ ವಾರಗಳನ್ನು ಹೇಗೆ ಕಳೆದಿರಿ? ಮನೆಯವರ ಯಾವ ಮಾತು ಹಿತ ಅನ್ನಿಸಿತು? ನಾನು "ಎಲ್ಲ ಸರಿಹೋಗುತ್ತೆ" ಅಂದರೆ ಮುಖ ತಿರುಗಿಸುತ್ತಾಳೆ. ಸುಮ್ನೆ ಪಕ್ಕದಲ್ಲಿ ಕೂತರೆ ಸಾಕಾ? ಕೌನ್ಸೆಲಿಂಗ್‌ಗೆ ಮೊದಲ ಸಲ ಹೊರಡಿಸುವುದು ಹೇಗೆ? ಮಾತ್ರೆ ಬಿಡಿಸಿ ಮನೆಮದ್ದು ಮಾಡಿ ಅಂತ ಮಾತ್ರ ಹೇಳಬೇಡಿ.