ಬಾಡಿಗೆಯೋ ಸ್ವಂತವೋ: ಗೃಹಸಾಲ ಸಲಹೆಗಾರರನ್ನು ಕೇಳಿ

ಮಳೆಹನಿ: ನಮಸ್ಕಾರ ಸರ್. ಬಾಡಿಗೆ ಕಟ್ಟುವುದು ದುಡ್ಡನ್ನು ಹೊಳೆಗೆ ಸುರಿದ ಹಾಗೆ ಅಲ್ವಾ?

ಸಲಹೆಗಾರ: ನಮಸ್ಕಾರ. ಅಲ್ಲ, ಇರುವುದಕ್ಕೆ ಜಾಗ ಸಿಗುತ್ತದಲ್ಲ. ಸಾಲದಲ್ಲೂ ಹೊಳೆ ಇದೆ: ಶೇ. 9ರ ಬಡ್ಡಿಗೆ 20 ವರ್ಷದ ಸಾಲವಾದರೆ ಮೊದಲ ಕಂತಿನ 100ರಲ್ಲಿ ಸುಮಾರು 83 ಬಡ್ಡಿಗೇ ಹೋಗುತ್ತದೆ.

ಹಳೇ ಕೀಲಿ: ಅಪ್ಪ ನಿವೃತ್ತರಾದರು. ಬಂದ ಹಣವನ್ನೆಲ್ಲ ಮುಂಗಡಕ್ಕೆ ಕೊಡುತ್ತೇನೆ, ಉಳಿದದ್ದಕ್ಕೆ ನೀನು ಸಾಲ ಮಾಡು ಅನ್ನುತ್ತಾರೆ. ಕಂತು ನನ್ನ ಸಂಬಳದ ಅರ್ಧ ದಾಟುತ್ತದೆ. ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ ಅಂತ ಅಜ್ಜಿಯ ಫೋಟೋ ಇನ್ನೂ ಕುರ್ಚಿ ಮೇಲೇ ಇದೆ. ಮೊನ್ನೆ ನೆಂಟರೊಬ್ಬರು ಅದನ್ನು ನೋಡಿ ನಕ್ಕರು. ಅಪ್ಪ ಅವತ್ತು ಊಟಕ್ಕೇ ಏಳಲಿಲ್ಲ.

ಸಲಹೆಗಾರ: ಈ ತಿಂಗಳು ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅಪ್ಪನಿಗೆ ಇನ್ನು ಸಂಬಳ ಬರುವುದಿಲ್ಲ, ಆ ಹಣ ಗೋಡೆಯೊಳಗೆ ಹೋದರೆ ನಾಳೆ ಆಸ್ಪತ್ರೆ ಖರ್ಚಿಗೆ ನಾಲ್ಕು ಇಟ್ಟಿಗೆ ಕಿತ್ತು ಮಾರಲು ಆಗುತ್ತದಾ? ಬಡ್ಡಿ ಬದಲಾಗುವಂಥದ್ದಾದರೆ ಕಂತು ಏರಬಹುದು, ಇಲ್ಲವೇ ಅವಧಿ ಉದ್ದವಾಗಬಹುದು, ಅದನ್ನೂ ಕೇಳಿಕೊಳ್ಳಿ. ಒಂದು ಕೆಲಸ ಮಾಡಿ: ಕಂತಿನಲ್ಲಿ ಬಾಡಿಗೆ ಕಳೆದು ಉಳಿಯುವ ಮೊತ್ತವನ್ನು ಆರು ತಿಂಗಳು ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ಉಸಿರು ಕಟ್ಟುತ್ತದೋ ಇಲ್ಲವೋ ಮೂರನೇ ತಿಂಗಳಿಗೇ ತಿಳಿಯುತ್ತದೆ. ಅಪ್ಪನಿಗಾದ ಅವಮಾನ ಸುಳ್ಳಲ್ಲ, ಆದರೆ ನಕ್ಕವರು ಕಂತು ಕಟ್ಟುವುದಿಲ್ಲ.

ಬೆಕ್ಕಿನಮರಿ: ಸರ್, ಜಂಟಿ ಹೆಸರಲ್ಲಿ ತಗೊಂಡು ಆಮೇಲೆ ಇಬ್ಬರೂ ಬೇರೆಯಾದರೆ?

ಗಾಳಿಪಟ: ಫಾರ್ವರ್ಡ್ ಬಂದದ್ದು: "ಮುಂಗಡಕ್ಕೆ ಪರ್ಸನಲ್ ಲೋನ್ ತಗೊಳ್ಳಿ, ಮನೆ ಬೆಲೆ ಯಾವತ್ತೂ ಇಳಿಯುವುದಿಲ್ಲ." ನಿಜಾನಾ?

ಸಲಹೆಗಾರ: ಇದನ್ನು ಬರೆದವರು ನಿಮ್ಮ ಸಾಲಕ್ಕೆ ಜಾಮೀನು ನಿಲ್ಲುತ್ತಾರಾ? ಜಪಾನಿನಲ್ಲಿ 1991ರ ನಂತರ ವರ್ಷಗಟ್ಟಲೆ ಇಳಿಯಿತು, ಅಮೆರಿಕದಲ್ಲಿ 2008ರ ಹೊತ್ತಿಗೆ ಕುಸಿಯಿತು. ಮುಂಗಡಕ್ಕೂ ಸಾಲ ಮಾಡಿದರೆ ಎರಡೆರಡು ಕಂತು. ದಯವಿಟ್ಟು ಮುಂದೆ ಕಳಿಸಬೇಡಿ.

ಕಾಗೆಗೂಡು: ಜರ್ಮನಿಯಲ್ಲಿ ಹೆಚ್ಚುಕಡಿಮೆ ಅರ್ಧ ಜನ ಬಾಡಿಗೆಗೇ ಇದ್ದಾರೆ. ಅವರೆಲ್ಲ ಬಡವರಾ?

ಮನೆಯೊಡತಿ: ಅಲ್ಲಿ ಬಾಡಿಗೆದಾರರನ್ನು ಕಾನೂನು ಕಾಯುತ್ತದೆ, ಸುಮ್ನೆ ಎಬ್ಬಿಸುವ ಹಾಗಿಲ್ಲ. ಮಗು ಕಟ್ಟಿಕೊಂಡು ವರ್ಷಕ್ಕೊಂದು ಮನೆ ಬದಲಿಸಿ ನೋಡಿ, ಆಮೇಲೆ ಬರೆಯಿರಿ.

ಕಾಗೆಗೂಡು: ಅದನ್ನೇ ಹೇಳಿದ್ದು! ಕಾನೂನು ಗಟ್ಟಿ ಇದ್ದರೆ ಮಾನ ಹೋಗುವುದಿಲ್ಲ. ರೊಮೇನಿಯಾದಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನ ಸ್ವಂತ ಮನೆಯಲ್ಲಿದ್ದಾರೆ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಸರ್ಕಾರಿ ಮನೆಗಳನ್ನು ಇದ್ದವರಿಗೇ ಅಗ್ಗಕ್ಕೆ ಮಾರಿದರು, ಅಷ್ಟೇ.

ಮನೆಯೊಡತಿ: ನಿಮಗೆ ಸ್ವಂತ ಮನೆ ಇಲ್ಲ ಅಂತ ಕಾಣುತ್ತದೆ.

ಕಾಗೆಗೂಡು: ಶುರುವಾಯಿತು ನೋಡಿ.

ನೀಲಿಶಾಯಿ: ಸರ್, ಬಾಡಿಗೆ ಅಂದರೆ ದಂಡ ತಾನೇ?

ಸಲಹೆಗಾರ: ಮೇಲೆ ಓದಿ.

ಹಳೇ ಕೀಲಿ: ಅಪ್ಪನಿಗೆ ಓದಿ ಹೇಳಿದೆ. "ಅವರಿಗೆ ಸ್ವಂತ ಮನೆ ಇದೆಯಾ ಕೇಳು" ಅಂದರು.

ಸಲಹೆಗಾರ: ಇದೆ. ಇನ್ನೂ 11 ವರ್ಷದ ಕಂತು ಬಾಕಿ.

ಬೆಕ್ಕಿನಮರಿ: ಸರ್, ಜಂಟಿ ಹೆಸರು ಕೇಳಿದ್ದೆ…