ಹೊರದೇಶದಲ್ಲಿ ಹುಟ್ಟಿದವರು ಅಮೆರಿಕ ಸೇನೆಯಲ್ಲಿ ಎಷ್ಟು ಮೇಲೇರಬಹುದು?

ಸ್ಟ್ರಾಂಗ್ ಕಾಫಿ:
ಅಕ್ಕನ ಮಗ ಹಾಸನದಲ್ಲಿ ಹುಟ್ಟಿದವನು, ಈಗ ಟೆಕ್ಸಾಸ್‌ನಲ್ಲಿದ್ದಾನೆ. ಗ್ರೀನ್ ಕಾರ್ಡ್ ಇದೆ. ಸೇನೆಯಲ್ಲಿ ಆಫೀಸರ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಹೊರಗಿನವರನ್ನು ಅಲ್ಲಿ ಜಾಸ್ತಿ ಮೇಲೆ ಬಿಡಲ್ಲ ಅನ್ನುತ್ತಾರೆ ಭಾವ. ನಿಜಾನಾ?

ಹಳೇ ಫಿರಂಗಿ:
ಭಾವನಿಗೆ ಜನರಲ್ ಜಾನ್ ಶಾಲಿಕಾಶ್ವಿಲಿ ಕತೆ ಹೇಳಿ. ಹುಟ್ಟಿದ್ದು 1936ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಅಪ್ಪ ಜಾರ್ಜಿಯಾ ದೇಶ (ಅಮೆರಿಕದ ರಾಜ್ಯ ಅಲ್ಲ) ಬಿಟ್ಟು ಬಂದ ಸೇನಾಧಿಕಾರಿ. ಜರ್ಮನ್ನರ ವಿರುದ್ಧ ಎದ್ದ 1944ರ ದಂಗೆಯಲ್ಲಿ ವಾರ್ಸಾ ಹಾಳಾದ ಮೇಲೆ ಮನೆಯವರು ದನ ಸಾಗಿಸುವ ರೈಲು ಡಬ್ಬಿಯಲ್ಲಿ ಜರ್ಮನಿ ಸೇರಿದರು. 1952ರಲ್ಲಿ ಇಲಿನಾಯ್‌ನ ಪಿಯೋರಿಯಾಕ್ಕೆ ಬಂದಾಗ ಹುಡುಗನಿಗೆ 16. ಇಂಗ್ಲಿಷ್ ಅಷ್ಟಕ್ಕಷ್ಟೆ. ಜಾನ್ ವೇನ್ ಸಿನಿಮಾ ನೋಡಿ ಕಲಿತರು ಅಂತ ಎಲ್ಲರೂ ಬರೆಯುತ್ತಾರೆ. ಅದಕ್ಕೆ ಸ್ವಲ್ಪ ಒಗ್ಗರಣೆ ಬಿದ್ದಿದೆ ಅಂತ ನನ್ನ ಅನುಮಾನ.

1958ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಯಿತು, ಪೌರತ್ವ ಸಿಕ್ಕಿತು, ಬೆನ್ನಿಗೇ ಕಡ್ಡಾಯ ಸೇವೆಯ ಕರೆ ಬಂತು. ಸೇನಾಧಿಕಾರಿಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಅಕಾಡೆಮಿಯಲ್ಲಿ ಓದಿದವರಲ್ಲ. ಸಾದಾ ಸಿಪಾಯಿಯಾಗಿ ಹೋಗಿ, 1959ರಲ್ಲಿ ಫಿರಂಗಿ ದಳದ ಲೆಫ್ಟಿನೆಂಟ್ ಆದರು. (ನಾನೂ ದೇವಲಾಲಿಯಲ್ಲಿ ಫಿರಂಗಿ ಕಲಿತವನು, ಸ್ವಲ್ಪ ಪಕ್ಷಪಾತ ಇದೆ ಅನ್ನಿ.) 1993ರಲ್ಲಿ ಕಾಲಿನ್ ಪೊವೆಲ್ ನಂತರ ಜಂಟಿ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರಾದರು. ಸಮವಸ್ತ್ರ ತೊಟ್ಟವರಿಗೆ ಅಲ್ಲಿ ಅದಕ್ಕಿಂತ ಮೇಲಿನ ಹುದ್ದೆಯೇ ಇಲ್ಲ.

ನನಗೆ ಆ ಕುರ್ಚಿಗಿಂತ ದೊಡ್ಡದು ಅವರ 1991ರ ಕೆಲಸ. ಸದ್ದಾಂ ಸೈನ್ಯಕ್ಕೆ ಹೆದರಿ ಇರಾಕಿನ ಕುರ್ದ್ ಜನಾಂಗದವರು ಲಕ್ಷಗಟ್ಟಲೆ ಟರ್ಕಿ ಗಡಿಯ ಬೆಟ್ಟಗಳಲ್ಲಿ ಚಳಿಗೆ ಸಿಕ್ಕಿಕೊಂಡಿದ್ದರು. ಮೇಲಿಂದ ಊಟದ ಪೊಟ್ಟಣ ಎಸೆದರೆ ಎಷ್ಟು ದಿನ ನಡೆಯುತ್ತೆ? ಕಣಿವೆಯಲ್ಲಿ ಡೇರೆ ಹಾಕಿಸಿ, ಇರಾಕಿ ಸೈನ್ಯವನ್ನು ಹಿಂದಕ್ಕೆ ಸರಿಸಿ, ಜನರನ್ನು ಬೆಟ್ಟದಿಂದ ಇಳಿಸಿ ಊರಿಗೆ ಕಳಿಸಿದರು. ಗುಂಡು ಹಾರಿಸುವುದಕ್ಕಿಂತ ಕಷ್ಟದ ಕೆಲಸ ಅದು. ನಿರಾಶ್ರಿತರ ಪಾಡು ಏನು ಅಂತ ಅವರಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ.

ಸುಮ್ನೆ ಓದುಗ:
ಅವರ ಅಪ್ಪ ಹಿಟ್ಲರ್ ಕಡೆ ಇದ್ದರು ಅಂತ ಗಲಾಟೆ ಆಗಿತ್ತು ಅಲ್ವಾ?

ಹಳೇ ಫಿರಂಗಿ:
ಆಗಿತ್ತು. ಜರ್ಮನ್ನರು ಕಟ್ಟಿದ ಜಾರ್ಜಿಯನ್ ಪಡೆಯಲ್ಲಿದ್ದರು, ಕೊನೆಗೆ ನಾಜಿಗಳ ಸಶಸ್ತ್ರ ಪಡೆ ವಾಫೆನ್ ಎಸ್‌ಎಸ್ ಕೈಕೆಳಗೆ. ಮಗನ ನೇಮಕ ಸೆನೆಟ್ ಮುಂದೆ ಬಂದ ಹೊತ್ತಿಗೇ ಇದು ಹೊರಬಿತ್ತು. ಯುದ್ಧ ಮುಗಿದಾಗ ಮಗನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಅಪ್ಪನ ಸಾಲವನ್ನು ಸೆನೆಟ್ ಮಗನ ಲೆಕ್ಕಕ್ಕೆ ಬರೆಯಲಿಲ್ಲ.

ಡಲ್ಲಾಸ್ ದಾಸ:
ಹುಡುಗನಿಗೆ ಒಂದು ಮಾತು ಹೇಳಿ. ಗ್ರೀನ್ ಕಾರ್ಡ್ ಇದ್ದರೆ ಸಿಪಾಯಿಯಾಗಿ ಸೇರಬಹುದು. ಆಫೀಸರ್ ಆಗಲು ಪೌರತ್ವ ಬೇಕೇ ಬೇಕು.

ಸ್ಟ್ರಾಂಗ್ ಕಾಫಿ:
ಎಲ್ಲ ಭಾವನಿಗೆ ಕಳಿಸಿದೆ. 'ಬೆಳಿಗ್ಗೆ ಎಂಟಕ್ಕೆ ಏಳೋನು ಸೇನೆಯಲ್ಲಿ ಏನು ಮಾಡ್ತಾನೆ' ಅಂತ ಈಗ ಹೊಸ ರಾಗ ತೆಗೆದಿದ್ದಾರೆ.